ಕಲ್ಯಾಣವೂ ಕಾಟವೂ: ಕ್ರಾಂತಿಯ ವಿಡಂಬನೆಯಲ್ಲಿ ಹೆಸರು, ಹೊಂದಾಣಿಕೆ ಮತ್ತು ‘ನಾವು’

ಸಾರಾಂಶ: ಕ್ರಾಂತಿಯು ಅಧಿಕಾರವಾಗಿ ಮಾರ್ಪಡುವಾಗ ಕೆಡುವ ಬಗೆಯನ್ನು ಚಿತ್ರಿಸುವ ರಾಜಕೀಯ ವಿಡಂಬನೆಯನ್ನು ಕನ್ನಡ ವಿಮರ್ಶೆ ಬಹುಮಟ್ಟಿಗೆ ಆಶಯದ ನೆಲೆಯಲ್ಲಿ ಓದಿದೆ. ವಿಡಂಬನೆಯ ಭಾರವನ್ನು ಕನ್ನಡದಲ್ಲಿ ಹೊರುವುದು ವ್ಯಾಕರಣವೆಂದು, ಅದರಲ್ಲಿಯೂ ಹೆಸರಿನ ಅಂತ್ಯಪದ, ಕರ್ತೃ-ಕ್ರಿಯಾ ಹೊಂದಾಣಿಕೆ ಮತ್ತು ಉತ್ತಮಪುರುಷ ಬಹುವಚನ ಎಂಬ ಮೂರು ಅಂಶಗಳೆಂದು ಈ ಲೇಖನ ವಾದಿಸುತ್ತದೆ. 1837ರ ಅಮರ ಸುಳ್ಯದ ಬಂಡಾಯದ ಜನಪ್ರಿಯ ಹೆಸರು ನಮ್ಮ ಮುಖ್ಯ ಆಧಾರ.

ಕೀಲಿಪದಗಳು: ವಿಡಂಬನೆ, ಗೌರವಸೂಚಕಗಳು, ಲಿಂಗ-ವಚನ ಹೊಂದಾಣಿಕೆ, ಅರ್ಥಪಲ್ಲಟ, ಅಮರ ಸುಳ್ಯ

1. ಒಂದು ಘಟನೆ, ಎರಡು ಹೆಸರು

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡ ಬಳಿಕ, ಅದುವರೆಗೆ ಕೊಡಗಿನ ಅರಸರಿಗೆ ಸೇರಿದ್ದ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ರೈತರು ನಗದಿನಲ್ಲಿ ಕಟ್ಟಬೇಕಾಯಿತು. 1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಬಂಡಾಯವೆದ್ದವರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು ಮಾರ್ಗವಾಗಿ ಸಾಗಿ, ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಬಳಿಕ ಕಂಪನಿಯ ಸೈನ್ಯ ಬಂದಿತು, ಹಲವರಿಗೆ ಗಲ್ಲಾಯಿತು.

ಇಂದು ಸಭೆ, ಸ್ಮಾರಕ, ಪುಸ್ತಕಗಳಲ್ಲಿ ಈ ಘಟನೆಯ ಹೆಸರು ‘ಅಮರ ಸುಳ್ಯದ ಸ್ವಾತಂತ್ರ್ಯ ಸಂಗ್ರಾಮ’. ಜನರ ಬಾಯಲ್ಲಿ ಉಳಿದುಬಂದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ‘ಕಾಟುಕಾಯಿ’ ಎಂಬ ಉಚ್ಚಾರವೂ ಉಂಟು. ಮೊದಲನೆಯದನ್ನು ಗೌರವವೆಂದೂ ಎರಡನೆಯದನ್ನು ಅಪಮಾನವೆಂದೂ ತೀರ್ಮಾನಿಸಿ, ಎರಡನೆಯದು ಬಳಕೆಯಿಂದ ಮರೆಯಾಗುವುದೇ ಲೇಸೆಂಬ ಭಾವನೆ ಪ್ರಬಲವಾಗುತ್ತಿದೆ. ಈ ತೀರ್ಮಾನ ಭಾಷಾವೈಜ್ಞಾನಿಕವಾಗಿ ಅವಸರದ್ದು ಎಂಬುದು ನಮ್ಮ ನಿಲುವು.

2. ಹೆಸರಿನ ರಚನೆ

ಎರಡೂ ಹೆಸರುಗಳು ಷಷ್ಠೀ ರಚನೆಗಳೇ. ‘ಸುಳ್ಯದ’ ಎಂಬುದು ಸ್ಥಳವಾಚಿ ಷಷ್ಠಿ. ಅದು ಘಟನೆಯನ್ನು ಒಂದು ಸೀಮೆಯ ಸಮಷ್ಟಿಗೆ ಒಪ್ಪಿಸಿ ಕರ್ತೃವನ್ನು ಹೇಳದೆ ಬಿಡುತ್ತದೆ. ‘ಕಲ್ಯಾಣಪ್ಪನ’ ಎಂಬುದು ವ್ಯಕ್ತಿವಾಚಿ ಷಷ್ಠಿ. ಇಲ್ಲಿ ಸಾವಿರಾರು ಜನರ ದಂಡೇ ಒಬ್ಬನ ಸ್ವತ್ತಾಗುತ್ತದೆ. ‘ಅಮರ’ ಎಂಬುದು ಮೂಲತಃ ಸ್ಥಳನಾಮದ ಅಂಗ. ಅಮರಮುಡ್ನೂರು, ಅಮರಪಡ್ನೂರು ಎಂಬ ಗ್ರಾಮನಾಮಗಳಲ್ಲಿ ಅದು ಇಂದಿಗೂ ಉಳಿದಿದೆ. ‘ಸಂಗ್ರಾಮ’ದ ನೆರೆಯಲ್ಲಿ ಅದೇ ಪದ ‘ಸಾವಿಲ್ಲದ’ ಎಂಬ ವಿಶೇಷಣವಾಗಿ ಕೇಳಿಸತೊಡಗುತ್ತದೆ. ಗೌರವದ ಹೆಸರು ಹೀಗೆ ಅರ್ಥಪಲ್ಲಟದ ಫಲವನ್ನು ಸದ್ದಿಲ್ಲದೆ ಪಡೆದುಕೊಂಡಿದೆ.

ಜನಪ್ರಿಯ ಹೆಸರಿನ ರಚನೆ ಇನ್ನೂ ಸೂಕ್ಷ್ಮವಾದುದು. ಬಂಡಾಯಗಾರರು ಪುಟ್ಟಬಸಪ್ಪನನ್ನು ಕೊಡಗಿನ ಅರಸುಮನೆತನದ ಹಕ್ಕುದಾರನಾದ ‘ಕಲ್ಯಾಣಸ್ವಾಮಿ’ಯೆಂದು ಮುಂದೆ ನಿಲ್ಲಿಸಿದರು, ಆ ಹೆಸರಿನಲ್ಲಿಯೇ ಕಂದಾಯ ವಿನಾಯಿತಿಯ ನಿರೂಪಗಳು ಹೊರಟವು. ಕಂದಾಯದ ವಿರುದ್ಧ ಎದ್ದ ರೈತರೂ ಅರಸನ ಹೆಸರಿನಲ್ಲಿ, ಅರಸನ ಆಜ್ಞಾಪತ್ರದ ಶೈಲಿಯಲ್ಲಿ ಮಾತನಾಡಬೇಕಾಯಿತು. ‘ಕಲ್ಯಾಣಪ್ಪ’ ಎಂಬ ರೂಪವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ‘ಅಪ್ಪ’ ಸ್ವತಃ ಹೀನಾರ್ಥಕವಲ್ಲ. ಅದು ಮನೆಯೊಳಗಿನ ಗೌರವದ ಪದ. ಆದರೆ ‘ಸ್ವಾಮಿ’ಯ ಜಾಗದಲ್ಲಿ ಕೂತಾಗ ಅದು ಸಿಂಹಾಸನದಿಂದ ಜಗಲಿಗೆ ಇಳಿಸುತ್ತದೆ. ಧರಿಸಿದ ಹೆಸರಿನ ತಲೆಗೆ (ಕಲ್ಯಾಣ-) ಹುಟ್ಟುಹೆಸರಿನ ಬಾಲವನ್ನು (-ಅಪ್ಪ) ಜೋಡಿಸಿದ ರೂಪವೆಂದೂ ಇದನ್ನು ಓದಬಹುದು. ವ್ಯುತ್ಪತ್ತಿಯಾಗಿ ಅಲ್ಲ, ಕೇಳುಗನಿಗೆ ಒದಗುವ ಧ್ವನಿಯಾಗಿ ನಾವು ಇದನ್ನು ಮುಂದಿಡುತ್ತೇವೆ.

‘ಕಾಟಕಾಯಿ’ಯ ಅರ್ಥವಲಯ ಕಿರುಕುಳ, ಲೂಟಿ, ಪುಂಡಾಟಿಕೆ. ಇದು ಸೋತವರ ಮೇಲೆ ಗೆದ್ದವರು ಎಸೆದ ಬೈಗುಳವಷ್ಟೇ, ವಿಡಂಬನೆಯಲ್ಲ ಎಂಬ ಆಕ್ಷೇಪ ಬರಬಹುದು. ಬೈಗುಳವು ಎದುರಾಳಿಯ ದಾವೆಯನ್ನು ಅಳಿಸುತ್ತದೆ. ವಿಡಂಬನೆ ಅದನ್ನು ಉಳಿಸಿಕೊಂಡು ಪಕ್ಕದಲ್ಲಿ ಅದರ ವಿಪರೀತವನ್ನು ಇಡುತ್ತದೆ. ಈ ಹೆಸರಿನಲ್ಲಿ ‘ಕಲ್ಯಾಣ’ ಎಂಬ ಮಂಗಳವಾಚಕವೂ ‘ಕಾಟ’ವೂ ಒಂದೇ ಕಕಾರದ ಪ್ರಾಸದಲ್ಲಿ ಅಕ್ಕಪಕ್ಕ ನಿಂತಿವೆ. ಕಲ್ಯಾಣ ತರುವೆನೆಂದವನು ಕಾಟ ತಂದನೆಂಬ ಒಂದು ಪೂರ್ಣ ವಿಡಂಬನ ಕಥನವು ಎರಡು ಪದಗಳಲ್ಲಿ ಅಡಕವಾಗಿದೆ. ಆ ಆಪಾದನೆ ಚಾರಿತ್ರಿಕವಾಗಿ ನ್ಯಾಯವೇ ಎಂಬುದು ಬೇರೆ ಪ್ರಶ್ನೆ. ಎರಡು ವಾರದ ಆಳ್ವಿಕೆಯ ಮೇಲೆ ಅಧಿಕಾರ ಕೆಡಿಸಿತೆಂಬ ತೀರ್ಪನ್ನು ನಾವು ಹೊರಿಸುತ್ತಿಲ್ಲ. ನಮ್ಮ ವಿಷಯ ಹೆಸರಿನ ಕಾರ್ಯವಿಧಾನ.

ಇದೇ ಕಾರ್ಯವಿಧಾನವನ್ನು ಲಿಖಿತ ಸಾಹಿತ್ಯವೂ ಬಲ್ಲದು. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದಲ್ಲಿ ಅಗಸನಾದ ಅಜೀಜ್ ಮೊದಲು ಬ್ರಾಹ್ಮಣನ ಹೆಸರನ್ನು, ಕೊನೆಗೆ ಖಲೀಫನ ವಂಶದವನ ಹೆಸರನ್ನು ಧರಿಸುತ್ತಾನೆ. ಸುಲ್ತಾನನ ಆದರ್ಶದ ಪ್ರತಿಯೊಂದು ಆಜ್ಞೆಯೂ ಅವನ ಕೈಯಲ್ಲಿ ಲಾಭದ ದಾರಿಯಾಗುತ್ತದೆ. ಕುಲ್ಕುಂದ ಶಿವರಾಯ, ಅಂದರೆ ನಿರಂಜನ, ಇಂದಿನ ಕಡಬ ತಾಲೂಕಿಗೆ ಸೇರಿದ ಕುಲ್ಕುಂದದವರು. 1837ರ ಬಂಡಾಯವನ್ನು ವಸ್ತುವಾಗಿಸಿಕೊಂಡ ತಮ್ಮ ಕಾದಂಬರಿಗೆ ಅವರು ಇಟ್ಟ ಹೆಸರು ‘ಕಲ್ಯಾಣಸ್ವಾಮಿ’. ‘ಅಪ್ಪ’ನನ್ನು ಮರಳಿ ‘ಸ್ವಾಮಿ’ಯಾಗಿಸಿದ ಆ ಶೀರ್ಷಿಕೆಯೇ ಒಂದು ವಿಮರ್ಶೆ.

3. ಕ್ರಿಯಾಪದದ ಏಣಿ

ಹೆಸರಿನಲ್ಲಿ ಕಂಡ ಏರಿಳಿತ ಇಡೀ ಕಥನಕ್ಕೆ ಹಬ್ಬಿದರೆ ಏನಾಗುತ್ತದೆ? ಈ ಪ್ರಕಾರದ ಪ್ರಸಿದ್ಧ ಮಾದರಿಯಾದ ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ (1945) ಕೃತಿಯನ್ನು ಕನ್ನಡಿಸುವ ಯಾರೇ ಆದರೂ ಎದುರಿಸುವ ಸಮಸ್ಯೆಯನ್ನು ಪರೀಕ್ಷೆಗಾಗಿ ತೆಗೆದುಕೊಳ್ಳೋಣ. ಇಂಗ್ಲಿಷಿನಲ್ಲಿ ಪಶುಗಳಿಗೆ ಮೊದಲಿನಿಂದಲೂ ಮನುಷ್ಯರ ಸರ್ವನಾಮಗಳೇ ಸಲ್ಲುತ್ತವೆ. ನೆಪೋಲಿಯನ್ ಎಂಬ ಹಂದಿಯ ಏಳಿಗೆಯನ್ನು ತೋರಿಸಲು ಲೇಖಕ ಬಿರುದುಗಳನ್ನು ಅವಲಂಬಿಸಬೇಕು. ಕನ್ನಡದಲ್ಲಿ ಪ್ರತಿ ವಾಕ್ಯದ ಕೊನೆಯಲ್ಲಿಯೂ ಆಯ್ಕೆ ಮಾಡಲೇಬೇಕು:

(1) ನೆಪೋಲಿಯನ್ ಬಂದಿತು.
(2) ನೆಪೋಲಿಯನ್ ಬಂದನು.
(3) ನೆಪೋಲಿಯನ್ ಬಂದರು.
(4) ನೆಪೋಲಿಯನ್ ಅವರು ಆಗಮಿಸಿದರು.

ನಪುಂಸಕದಿಂದ ಪುಲ್ಲಿಂಗಕ್ಕೆ, ಅಲ್ಲಿಂದ ಗೌರವ ಬಹುವಚನಕ್ಕೆ, ಕೊನೆಗೆ ಕ್ರಿಯಾಪದವನ್ನೇ ಸಂಸ್ಕೃತಕ್ಕೆ ಏರಿಸುವ ಈ ನಾಲ್ಕು ಮೆಟ್ಟಿಲುಗಳು ಅಧಿಕಾರದ ಏಣಿಯೇ ಆಗಿವೆ. ನಿರೂಪಕನು ಯಾವ ಪುಟದಲ್ಲಿ ಯಾವ ಮೆಟ್ಟಿಲು ಹತ್ತಿದನೆಂಬುದು ಕನ್ನಡ ಓದುಗನಿಗೆ ಪಠ್ಯದ ರಾಜಕೀಯ. (1)ರಿಂದ (3)ಕ್ಕೆ ಜಿಗಿದರೆ ಭಯ ಕಾಣುತ್ತದೆ. (2)ರಲ್ಲಿ ತಂಗಿದರೆ ಸಮಾನತೆಯ ಒಂದು ಗಳಿಗೆ ಉಳಿಯುತ್ತದೆ. ಆರಂಭದಿಂದಲೇ ‘ಬಂದನು’ ಎಂದು ಬರೆದ ಅನುವಾದ ಸುಸಂಬದ್ಧವೆನಿಸಬಹುದು. ಆದರೆ ಅದು ಏಣಿಯ ಕೆಳಗಿನ ಮೆಟ್ಟಿಲನ್ನು ಮುರಿದಿರುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ನಪುಂಸಕ ಹೊಂದಾಣಿಕೆ ತಾನಾಗಿ ಅವಹೇಳನವಲ್ಲ. ಪುತ್ತೂರು ಸೀಮೆಯ ಹವ್ಯಕ ಕನ್ನಡದಲ್ಲಿ ‘ಅಕ್ಕ ಬಂತು’ ಎಂಬುದು ಸಹಜ ರೂಪ. ಸ್ತ್ರೀಯರಿಗೆ ಅಲ್ಲಿ ನಪುಂಸಕವೇ ಸಲ್ಲುತ್ತದೆ, ಅಗೌರವದ ಸುಳಿವೂ ಅದರಲ್ಲಿಲ್ಲ. ಆದ್ದರಿಂದ ವಿಡಂಬನೆ ಇರುವುದು ರೂಪದಲ್ಲಲ್ಲ, ಆ ಭಾಷಾಪ್ರಭೇದದ ರೂಢಿಯಿಂದ ಆಗುವ ಪಲ್ಲಟದಲ್ಲಿ.

ಕೃತಿಯ ಅಂತ್ಯದಲ್ಲಿ ಹಂದಿಗಳಿಗೂ ಮನುಷ್ಯರಿಗೂ ಮುಖದ ಭೇದ ಅಳಿಯುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಇದು ತೊಡಕಲ್ಲ. ಕನ್ನಡವಾದರೋ ಒಂದೇ ಮೇಜಿನ ಸುತ್ತ ಅವು ‘ಕುಳಿತಿದ್ದವು’ ಎನ್ನಬೇಕೋ ಅವರು ‘ಕುಳಿತಿದ್ದರು’ ಎನ್ನಬೇಕೋ ನಿರ್ಧರಿಸಲೇಬೇಕು. ಕಣ್ಣಿಗೆ ತೋರದ ಭೇದವನ್ನು ವ್ಯಾಕರಣ ಕೇಳುತ್ತದೆ. ಅನುವಾದದ ಕಷ್ಟವಾಗಿ ಕಾಣುವ ಈ ಸ್ಥಳವೇ ಕನ್ನಡ ವಿಡಂಬನೆಗೆ ಒದಗಿದ ಬಲ.

4. ಯಾರ ‘ನಾವು’?

ಕ್ರಾಂತಿಯ ಮೊದಲ ಪದ ‘ನಾವು’. ಅಧಿಕಾರದ ಮೊದಲ ಪದವೂ ಅದೇ. ‘ನಾವು ಗೆದ್ದೆವು’ ಎಂಬಲ್ಲಿ ಕೇಳುಗರೂ ಸೇರಿದ್ದಾರೆ; ‘ನಾವು ತೀರ್ಮಾನಿಸಿದ್ದೇವೆ’ ಎಂಬಲ್ಲಿ ಅವರು ಹೊರಗಿದ್ದಾರೆ. ಇಂದಿನ ಕನ್ನಡದಲ್ಲಿ ಈ ಭೇದಕ್ಕೆ ರೂಪವಿಲ್ಲ. ತುಳುವಿನಲ್ಲಿ ಇದೆ: ಕೇಳುಗನನ್ನು ಒಳಗೊಳ್ಳುವ ‘ನಮ’, ಹೊರಗಿಡುವ ‘ಎಂಕುಲು’. ಪುತ್ತೂರು, ಸುಳ್ಯ, ಕಡಬಗಳಲ್ಲಿ ತುಳು, ಅರೆಭಾಷೆ, ಹವ್ಯಕಗಳ ನಡುವೆ ದಿನನಿತ್ಯ ಬದುಕುವ ದ್ವಿಭಾಷಿಕ ಕೇಳುಗನಿಗೆ ವೇದಿಕೆಯ ಕನ್ನಡ ‘ನಾವು’ ತುಳುವಿನ ಯಾವ ಸರ್ವನಾಮಕ್ಕೆ ಸಲ್ಲುತ್ತದೆಂಬ ಪ್ರಶ್ನೆ ಸದಾ ಲಭ್ಯ. ಮುಂದಾಳು ‘ನಮ’ ಎಂದು ಆರಂಭಿಸಿ ‘ಎಂಕುಲು’ ಎಂದು ಮುಗಿಸಿದರೆ ತುಳು ಅವನನ್ನು ಹಿಡಿದುಕೊಡುತ್ತದೆ. ಕನ್ನಡ ಅವನಿಗೆ ಮರೆ ನೀಡುತ್ತದೆ. ಕನ್ನಡದ ವಿಡಂಬನಕಾರ ಮಾಡಬೇಕಾದುದು ಆ ಮರೆಯನ್ನು ಸರಿಸುವ ಕೆಲಸ. ಒಂದೇ ‘ನಾವು’ ಎರಡು ಅರ್ಥಗಳ ನಡುವೆ ಜಾರುವುದನ್ನು ಓದುಗನಿಗೆ ಕೇಳಿಸುವಂತೆ ಮಾಡುವ ಕೆಲಸ.

5. ತಿದ್ದುವ ಕೈ

ಬಂಡಾಯವಾಚಕ ಪದಗಳ ಬೆಲೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ‘ಬಂಡು’, ‘ಬಂಡಾಯ’ ಆಳುವವರ ದೃಷ್ಟಿಯಲ್ಲಿ ಅಪರಾಧಸೂಚಕಗಳಾಗಿದ್ದವು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಅದೇ ಪದವನ್ನು ತನ್ನ ಹೆಸರಾಗಿ ಎತ್ತಿಕೊಂಡ ಮೇಲೆ ಅದು ಅಭಿಮಾನದ ಪದವಾಯಿತು. ಈ ಗುಣೋನ್ನತಿ ನಡೆದದ್ದು ಬಳಕೆಯ ಮೂಲಕ, ಅಳಿಸುವಿಕೆಯ ಮೂಲಕವಲ್ಲ. ‘ಕಾಟಕಾಯಿ’ಗೆ ಅಂಥ ಅವಕಾಶವೇ ದೊರೆತಿಲ್ಲ.

2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ಕಂಪನಿಯ ಕಡತಗಳು ದರೋಡೆಯೆಂದು ಕಂಡ ಹೋರಾಟಕ್ಕೆ ಈ ಮನ್ನಣೆ ಸಲ್ಲಬೇಕಾದದ್ದೇ. ಆದರೆ ಮನ್ನಣೆಗಾಗಿ ಪದಕೋಶ, ಪಠ್ಯಪುಸ್ತಕ, ಮೌಖಿಕ ಸಂಗ್ರಹಗಳಿಂದ ಜನರ ಹೆಸರನ್ನು ತೆಗೆಯಬೇಕೆನ್ನುವುದು ಬೇರೆ ಮಾತು. ಆರ್ವೆಲ್‌ನ ಕಥೆಯಲ್ಲಿ ಕೊಟ್ಟಿಗೆಯ ಗೋಡೆಯ ಮೇಲಿನ ನಿಯಮಗಳು ರಾತ್ರೋರಾತ್ರಿ ತಿದ್ದಿಕೊಳ್ಳುತ್ತವೆ. ಪಶುಗಳು ತಮ್ಮ ನೆನಪನ್ನೇ ಶಂಕಿಸತೊಡಗುತ್ತವೆ. ಸದುದ್ದೇಶದಿಂದ ತಿದ್ದಿದರೂ ನೆನಪಿನ ಮೇಲಿನ ಪರಿಣಾಮ ಅದೇ. ಮಾಹಿತಿದಾರರೊಬ್ಬರು ‘ಕಾಟಕಾಯಿ’ ಎಂದಾಗ ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ‘ಸಂಗ್ರಾಮ’ ಎಂದು ಬರೆದುಕೊಳ್ಳುವ ಸಂಶೋಧಕನ ಕೈಯೂ ಗೋಡೆಯ ಮೇಲಿನ ಕೈಯೇ.

6. ಸಮಾರೋಪ

ಎರಡು ಸಲಹೆಗಳನ್ನು ಮುಂದಿಡುತ್ತೇವೆ. ಒಂದು, ರಾಜಕೀಯ ವಿಡಂಬನೆಯ ವಿಮರ್ಶೆ ಆಶಯದ ಸಾರಾಂಶಕ್ಕೆ ನಿಲ್ಲದೆ ಕ್ರಿಯಾಪದದ ಕೊನೆಯ ಅಕ್ಷರದವರೆಗೆ ಸಾಗಬೇಕು. ಅಧಿಕಾರ ಕೆಡಿಸುತ್ತದೆ ಎಂಬುದು ಎಲ್ಲ ಭಾಷೆಗಳ ಗಾದೆ, ಅದು ಹೇಗೆ ಕೇಳಿಸುತ್ತದೆ ಎಂಬುದು ಆಯಾ ಭಾಷೆಯ ಸಂಗತಿ. ಎರಡು, 1837ರ ಎರಡೂ ಹೆಸರುಗಳನ್ನು ಅವುಗಳ ಬಳಕೆಯ ಸಂದರ್ಭಗಳೊಡನೆ ದಾಖಲಿಸಬೇಕು. ‘ಸಂಗ್ರಾಮ’ ಹೋರಾಟದ ದಾವೆಯನ್ನು ಹೇಳುತ್ತದೆ. ‘ಕಾಟಕಾಯಿ’ ಆ ದಾವೆಗೆ ಎದುರಾದ ಸಂಶಯವನ್ನು ಹೇಳುತ್ತದೆ. ದಾವೆಯನ್ನು ಮಾತ್ರ ಉಳಿಸಿಕೊಂಡ ನಿಘಂಟು ಸ್ಮಾರಕವಾದೀತು, ನಿಘಂಟಾಗದು.