ಹೊಸದುರ್ಗ ಒಪ್ಪದ ನಾಯಕ

1962ರ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 208 ಸ್ಥಾನಗಳ ಪೈಕಿ 138 ಕಾಂಗ್ರೆಸ್ಸಿನ ಪಾಲಾದವು. ಪಕ್ಷದೊಳಗೆ ಎಸ್. ನಿಜಲಿಂಗಪ್ಪನವರ ಕೈ ಮೇಲಾಗಿತ್ತು. ಆದರೆ ಅವರ ಸ್ವಂತ ಜಿಲ್ಲೆಯಾದ ಚಿತ್ರದುರ್ಗದ ಹೊಸದುರ್ಗವೇ ಕೈಕೊಟ್ಟಿತು: ಪ್ರಜಾ ಸಮಾಜವಾದಿ ಪಕ್ಷದ ಜಿ.ಟಿ. ರಂಗಪ್ಪ ಅವರನ್ನು ಸೋಲಿಸಿದ್ದರು. ಹಾಗಾಗಿ ಮಾರ್ಚ್ 14ರಂದು ಹುನಗುಂದದ ಎಸ್.ಆರ್. ಕಂಠಿ ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಶಾಸಕರು ರಾಜೀನಾಮೆ ಕೊಟ್ಟು ಜಾಗ ಮಾಡಿಕೊಟ್ಟರು, ನಿಜಲಿಂಗಪ್ಪ ಅಲ್ಲಿಂದ ಆಯ್ಕೆಯಾಗಿ ಬಂದರು. ಜೂನ್‌ನಲ್ಲಿ ಕಂಠಿಯವರು ಎದ್ದು ಕುರ್ಚಿ ಬಿಟ್ಟುಕೊಟ್ಟು, ಮುಂದೆ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಖಾತೆ ನೋಡಿಕೊಂಡರು. ಈಗಿನ ರೆಸಾರ್ಟ್ ರಾಜಕಾರಣ ನೋಡಿದವರಿಗೆ ಇದು ಕಟ್ಟುಕಥೆ ಅನ್ನಿಸಬಹುದು.

ನಾಯಕತ್ವದ ಪಠ್ಯಪುಸ್ತಕಗಳನ್ನು ಈ ಪ್ರಸಂಗದ ಪಕ್ಕದಲ್ಲಿಟ್ಟು ಓದುವುದು ಒಳ್ಳೆಯದು. ಎಂಬಿಎ ತರಗತಿಯಿಂದ ಕೆಎಎಸ್ ಕೋಚಿಂಗ್‌ವರೆಗೆ ಎಲ್ಲೆಡೆ ಉರು ಹೊಡೆಸುವ ವ್ಯಾಖ್ಯೆ ಒಂದೇ: ಸಮಾನ ಗುರಿಯೊಂದನ್ನು ಮುಟ್ಟಲು ಒಬ್ಬರು ಗುಂಪಿನ ಮೇಲೆ ಪ್ರಭಾವ ಬೀರುವ ಪ್ರಕ್ರಿಯೆಯೇ ನಾಯಕತ್ವ. ವ್ಯಾಖ್ಯೆ ಕೊಡಹೊರಟವರೆಷ್ಟೋ ವ್ಯಾಖ್ಯೆಗಳೂ ಹೆಚ್ಚುಕಮ್ಮಿ ಅಷ್ಟೇ ಇವೆ ಎಂದು ರಾಲ್ಫ್ ಸ್ಟಾಗ್ಡಿಲ್ 1974ರಲ್ಲೇ ಬೇಸತ್ತು ಬರೆದಿದ್ದ. ಅಷ್ಟೆಲ್ಲ ವ್ಯಾಖ್ಯೆಗಳಿದ್ದರೂ ಹೊಸದುರ್ಗದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದೇ ಮನುಷ್ಯ, ಅದೇ ಗುಣ, ಅದೇ ಮಾತು. ಬೆಂಗಳೂರಿನಲ್ಲಿ ನಾಯಕ, ಹೊಸದುರ್ಗದಲ್ಲಿ ಸೋತ ಅಭ್ಯರ್ಥಿ. ಈ ಶಾಸ್ತ್ರ ಹುಟ್ಟಿದಾಗಿನಿಂದ ಮುಂದೆ ನಡೆಯುವವನ ಮುಖವನ್ನೇ ನೋಡಿದೆ. ಹಿಂದೆ ಬರುವವರು ಒಪ್ಪಿಗೆಯನ್ನು ಹೇಗೆ ಕೊಡುತ್ತಾರೆ, ಹೇಗೆ ವಾಪಸು ತೆಗೆದುಕೊಳ್ಳುತ್ತಾರೆ ಎಂಬುದನ್ನು ಅದು ಕೊನೆಯ ಅಧ್ಯಾಯಕ್ಕೆ ತಳ್ಳುತ್ತಲೇ ಬಂದಿದೆ ಎಂಬುದು ನನ್ನ ತಕರಾರು.

ಈ ಶಾಸ್ತ್ರದಲ್ಲಿ ಮೊದಲನೆಯದು ಮಹಾಪುರುಷರ ಪಂಥ. ಚರಿತ್ರೆಯೆಂದರೆ ಮಹಾಪುರುಷರ ಚರಿತ್ರೆ ಎಂಬ ಧಾಟಿಯಲ್ಲಿ ಥಾಮಸ್ ಕಾರ್ಲೈಲ್ 1841ರಲ್ಲಿ ಬರೆದ. ಆ ಮಹಾಪುರುಷನನ್ನು ಹಡೆದದ್ದೇ ಸಮಾಜ ಎಂದು ಹರ್ಬರ್ಟ್ ಸ್ಪೆನ್ಸರ್ ತಿರುಗಿ ಹೇಳಿದ. ಚಿತ್ರದುರ್ಗದಲ್ಲಿ ಮಾತ್ರ ಗೆದ್ದದ್ದು ಕಾರ್ಲೈಲನೇ. ಕೋಟೆ ಹತ್ತುವಾಗ ಗೈಡ್ ಹೇಳುವ ಕಥೆ, ವೃತ್ತದಲ್ಲಿನ ಪ್ರತಿಮೆ, ಚುನಾವಣಾ ಭಾಷಣ ಎಲ್ಲದರಲ್ಲೂ ಒಬ್ಬ ವೀರ, ಒಂದು ಖಡ್ಗ. ಈ ಭಾವಕ್ಕೆ ತ.ರಾ.ಸು. ಅವರ ಕಾದಂಬರಿಗಳೇ ಕಾರಣ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳನ್ನು ಗಮನವಿಟ್ಟು ಓದಿದರೆ ಸಿಂಹಾಸನಕ್ಕಿಂತ ಅದರ ಸುತ್ತಲಿನವರೇ ಹೆಚ್ಚು ಕಾಣುತ್ತಾರೆ: ದಂಗೆ ಏಳುವ ದಳವಾಯಿ ಮುದ್ದಣ್ಣ, ಪ್ರಧಾನರು, ಯಾರ ಕಡೆ ವಾಲುವುದೆಂದು ಲೆಕ್ಕ ಹಾಕುವ ಪಡೆ. ಆ ಗೊಂದಲವೆಲ್ಲ ಕಳೆದ ಮೇಲೆ ಪಟ್ಟಕ್ಕೆ ಬಂದವನು ಬಿಚ್ಚುಗತ್ತಿ ಭರಮಣ್ಣ ನಾಯಕ. ಕಾದಂಬರಿಕಾರನಿಗೆ ಗೊತ್ತಿದ್ದದ್ದು ಅಭಿಮಾನಿಗಳಿಗೆ ಬೇಕಾಗಲಿಲ್ಲ, ಅಷ್ಟೆ.

ಪಾಳೆಯಗಾರನ ಬಲ ಎಲ್ಲಿತ್ತು ಎಂಬುದನ್ನು ಸರಿಯಾಗಿ ಓದಿದವನು ಅವನ ಶತ್ರು. 1779ರಲ್ಲಿ ಹೈದರಾಲಿ ಕೋಟೆ ಹಿಡಿದಾಗ ಕಡೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದು ಸುಮ್ಮನಾಗಲಿಲ್ಲ. ದುರ್ಗದ ಸೀಮೆಯ ಸುಮಾರು 20,000 ಬೇಡರನ್ನೂ ಎಬ್ಬಿಸಿ ಅಲ್ಲಿಗೆ ಸಾಗಿಸಿದ, ಅವರ ಹುಡುಗರನ್ನು ಚೇಲಾ ಪಡೆಗೆ ಸೇರಿಸಿದ ಎಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ನಾಯಕನೊಬ್ಬನನ್ನು ತೆಗೆದರೆ ಇನ್ನೊಬ್ಬ ಹುಟ್ಟುತ್ತಾನೆ, ಜನವನ್ನೇ ತೆಗೆದರೆ ಹುಟ್ಟುವುದಿಲ್ಲ. ಇಷ್ಟು ಕ್ರೂರವಾಗಿ, ಇಷ್ಟು ಸ್ಪಷ್ಟವಾಗಿ ನಾಯಕತ್ವವನ್ನು ಅರ್ಥ ಮಾಡಿಕೊಂಡ ಸಿದ್ಧಾಂತಿ ನನಗೆ ಇನ್ನೊಬ್ಬ ಸಿಕ್ಕಿಲ್ಲ.

ಒನಕೆ ಓಬವ್ವನನ್ನೂ ನಾಯಕರ ಪಟ್ಟಿಗೆ ಸೇರಿಸುವ ರೂಢಿ ಇದೆ. ಕೋಟೆಯ ಕಿಂಡಿಯಲ್ಲಿ ನುಸುಳಿದವರನ್ನು ಒಬ್ಬಳೇ ಬಡಿದು ಹಾಕಿದ ಕಾವಲುಗಾರನ ಹೆಂಡತಿಯ ಶೌರ್ಯ ದೊಡ್ಡದು. ಆದರೆ ಆಕೆಯ ಹಿಂದೆ ಯಾರೂ ಇರಲಿಲ್ಲ, ಯಾರೂ ಬರಬೇಕಾಗಿಯೂ ಇರಲಿಲ್ಲ. ಶೌರ್ಯವೇ ಬೇರೆ, ನಾಯಕತ್ವವೇ ಬೇರೆ.

ಗುಣಗಳ ಪಟ್ಟಿಯಿಂದ ನಾಯಕನನ್ನು ಗುರುತಿಸಲಾಗದು ಎಂದು 1948ರಲ್ಲಿ ಸ್ಟಾಗ್ಡಿಲನೇ ತೋರಿಸಿದ ಮೇಲೆ ಶಾಸ್ತ್ರ ನಡವಳಿಕೆಯ ಕಡೆ ಹೊರಳಿತು. ಅದರ ಬೀಜ ಆಗಲೇ ಬಿದ್ದಿತ್ತು. ಕುರ್ಟ್ ಲೆವಿನ್ ಮತ್ತು ಸಂಗಡಿಗರು 1939ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಹತ್ತು ವರ್ಷದ ಹುಡುಗರನ್ನು ಗುಂಪು ಮಾಡಿ, ಅಪ್ಪಣೆ ಕೊಡುವವ, ಕೂಡಿ ತೀರ್ಮಾನಿಸುವವ, ಸುಮ್ಮನೆ ಬಿಟ್ಟುಬಿಡುವವ ಎಂಬ ಮೂರು ಬಗೆಯ ಹಿರಿಯರ ಕೈಕೆಳಗೆ ಇಟ್ಟು ನೋಡಿದ್ದರು. ಅದೇ 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಜನ ಸೇಂದಿಯ ಈಚಲು ಮರಗಳಿಗೆ ಕೊಡಲಿ ಹಾಕಿ ಅರಣ್ಯ ಸತ್ಯಾಗ್ರಹ ನಡೆಸಿದರು, ನಿಜಲಿಂಗಪ್ಪನವರೂ ಅದರಲ್ಲಿದ್ದರು. ಇಲ್ಲಿ ನಾಯಕನ ಶೈಲಿ ಯಾವುದು ಎಂದು ಕೇಳುವುದೇ ಅಸಂಬದ್ಧ. ಜೈಲಿಗೆ ಹೋಗಬೇಕಾದೀತು ಎಂದು ತಿಳಿದೂ ಕೊಡಲಿ ಎತ್ತಿದ ರೈತನ ತಲೆಯಲ್ಲಿ ಏನಿತ್ತು ಎಂಬುದೇ ಕೇಳಬೇಕಾದ ಮಾತು. ಲೆವಿನ್‌ನ ಹುಡುಗರ ಗುಂಪಿನಲ್ಲಿ ಯಾರಿಗೂ ಕಳೆದುಕೊಳ್ಳುವಂಥದ್ದೇನೂ ಇರಲಿಲ್ಲ.

ಸನ್ನಿವೇಶ ಸಿದ್ಧಾಂತಕ್ಕೆ ಬಂದರೆ ಗಾಳಿ ಸ್ವಲ್ಪ ಆಡುತ್ತದೆ. ಫ್ರೆಡ್ ಫೀಡ್ಲರ್ 1967ರಲ್ಲಿ ಹೇಳಿದ್ದು ಸರಳ: ಒಂದು ಕಡೆ ಒಪ್ಪುವ ನಾಯಕ ಇನ್ನೊಂದು ಕಡೆ ಒಪ್ಪುವುದಿಲ್ಲ. ಆದರೆ ಇದರದೂ ಒಂದು ಚಾಳಿ ಇದೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ವಿವರಿಸುತ್ತದೆ, ಮುಂಚೆ ಏನನ್ನೂ ಹೇಳುವುದಿಲ್ಲ. ಸಾಲದ್ದಕ್ಕೆ, ಗುಂಪಿಗೆ ಗುರಿ ಒಂದೇ ಎಂದು ಇದೂ ನಂಬಿಕೊಂಡಿದೆ.

ಆ ನಂಬಿಕೆಯನ್ನು ವೇದಾವತಿಯ ನೀರಿಗಿಳಿಸಿ ನೋಡಬೇಕು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದ ಹಿಂದಿದ್ದವರು ದಿವಾನ್ ಶೇಷಾದ್ರಿ ಅಯ್ಯರ್. ಕೆಲಸ ಮುಗಿಯುವ ಮೊದಲೇ, 1901ರಲ್ಲಿ ಅವರು ತೀರಿಕೊಂಡರು, ಅಣೆಕಟ್ಟು ನಿಲ್ಲಲಿಲ್ಲ; ಮ್ಯಾಕ್ಸ್ ವೇಬರ್ ಕಾನೂನುಬದ್ಧ ಅಧಿಕಾರ ಎಂದದ್ದು ಇಂಥದನ್ನೇ. ಜಲಾಶಯ 1933ರಲ್ಲಿ ಕೋಡಿ ಹರಿಯಿತು, ಆಮೇಲೆ 89 ವರ್ಷ ಹರಿಯಲಿಲ್ಲ. ಅದಕ್ಕೆ ಭದ್ರಾ ನದಿಯ ನೀರು ಹರಿಸಬೇಕೆಂದು ಹಿರಿಯೂರಿನ ರೈತರು ಧರಣಿ ಕೂತರು, ಮೆರವಣಿಗೆ ಹೋದರು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಇಡೀ ತಾಲ್ಲೂಕು ಜಾತ್ರೆಯಂತೆ ಅಣೆಕಟ್ಟಿಗೆ ನಡೆಯಿತು. ಅದೇ ಹೊತ್ತಿಗೆ ಮೇಲಿನ ಹೊಸದುರ್ಗ ತಾಲ್ಲೂಕಿನಲ್ಲಿ ಹಿನ್ನೀರು ತೋಟಗಳಿಗೆ ನುಗ್ಗಿತ್ತು. ತೆಂಗು ಅಡಿಕೆ ಮುಳುಗಿದವರು ಕೋಡಿಯ ಎತ್ತರ ತಗ್ಗಿಸಿ ಎಂದರು, ಹಿರಿಯೂರಿನವರು ಒಂದು ಇಂಚೂ ಬೇಡ ಎಂದರು. ಒಂದೇ ನೀರು, ಕೆಳಗೆ ಅದನ್ನು ತಂದವನು ನಾಯಕ, ಮೇಲೆ ಅದನ್ನು ಇಳಿಸುತ್ತೇನೆ ಎಂದವನು ನಾಯಕ. ಸಮಾನ ಗುರಿ ಎಂಬ ಎರಡು ಪದಗಳನ್ನು ವ್ಯಾಖ್ಯೆಯಲ್ಲಿ ಸೇರಿಸಿದವರು ಈ ಜಲಾಶಯದ ಎರಡು ದಡಗಳ ನಡುವೆ ಒಂದು ದಿನ ಓಡಾಡಬೇಕಿತ್ತು. ಯಾರ ಗುರಿ, ಯಾರ ತೋಟದ ಖರ್ಚಿನಲ್ಲಿ ಎಂದು ಕೇಳದ ವ್ಯಾಖ್ಯೆ ರಾಜಕೀಯವನ್ನು ಬಾಗಿಲ ಹೊರಗೇ ನಿಲ್ಲಿಸಿದಂತೆ.

ರಾಜಕೀಯವನ್ನು ಒಳಗೆ ಕರೆತಂದವರು ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್. ಕೊಟ್ಟು ತೆಗೆದುಕೊಳ್ಳುವ ವ್ಯವಹಾರದ ನಾಯಕತ್ವ, ಜನರ ಆಸೆಯನ್ನೇ ಬದಲಿಸುವ ಪರಿವರ್ತನೆಯ ನಾಯಕತ್ವ ಎಂದು 1978ರಲ್ಲಿ ಅವರು ಮಾಡಿದ ವಿಂಗಡಣೆ ಈಗಲೂ ಉಪಯುಕ್ತ. ನಿಜಲಿಂಗಪ್ಪ ಮೊದಲ ಬಗೆಯವರು. ಬಲಾಢ್ಯ ಜಾತಿಗಳನ್ನು, ಜಿಲ್ಲೆಗಳನ್ನು, ಗುಂಪುಗಳನ್ನು ಹೊಂದಿಸಿಕೊಂಡು ಹೋಗುವುದು ಅವರ ವಿದ್ಯೆ. ಏಕೀಕೃತ ರಾಜ್ಯದ ಮೊದಲ ವರ್ಷಗಳಿಗೆ ಅದು ಬೇಕಾಗಿಯೂ ಇತ್ತು. 1969ರ ನವೆಂಬರಿನಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ಅವರು ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಉಚ್ಚಾಟಿಸಿದರು. ಸಂಘಟನೆ, ಕಚೇರಿ, ನಿಯಮಾವಳಿ ಅವರ ಕಡೆ ಇದ್ದವು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಹೊಸದುರ್ಗ ಒಂಬತ್ತು ವರ್ಷ ಮೊದಲೇ ಸಣ್ಣದಾಗಿ ಹೇಳಿದ್ದನ್ನು ಇಡೀ ರಾಜ್ಯ ದೊಡ್ಡದಾಗಿ ಹೇಳಿತ್ತು. ಆದರೆ ಹಿಂಬಾಲಕರು ಮೇಲ್ಮಟ್ಟಕ್ಕೆ ಏರುತ್ತಾರೆ ಎಂದು ಬರ್ನ್ಸ್ ನಂಬುತ್ತಾರೆ. ಹಿಂಬಾಲಕರು ಸುಮ್ಮನೆ ಪಕ್ಷ ಬದಲಿಸುವ ಸಾಧ್ಯತೆ ಬರ್ನ್ಸ್ ಅವರಿಗೆ ಅಷ್ಟು ರುಚಿಸುವುದಿಲ್ಲ.

ಸೇವಕ-ನಾಯಕ ಎಂಬ ರಾಬರ್ಟ್ ಗ್ರೀನ್‌ಲೀಫನ 1970ರ ಪರಿಕಲ್ಪನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಾಸೋಹದ ನಾಡಿನಲ್ಲಿ ಅದು ಹೊಸದಲ್ಲ, ಮತ್ತು ‘ನಾನು ನಿಮ್ಮ ಸೇವಕ’ ಎಂದು ಕೈಮುಗಿದವರ ಪೋಸ್ಟರು ಪ್ರತಿ ಐದು ವರ್ಷಕ್ಕೊಮ್ಮೆ ಹೊಳಲ್ಕೆರೆಯ ಗೋಡೆಗಳ ಮೇಲೆ ಕಾಣುತ್ತದೆ. ಇದಕ್ಕಿಂತ ಸಿರಿಗೆರೆಯ ತರಳಬಾಳು ಮಠದ ಸೋಮವಾರದ ನ್ಯಾಯಪೀಠ ಹೆಚ್ಚು ಕಲಿಸುತ್ತದೆ. ಜಮೀನಿನ ಜಗಳ, ಗಂಡಹೆಂಡಿರ ವ್ಯಾಜ್ಯ ಹೊತ್ತುಕೊಂಡು ಜನ ಬರುತ್ತಾರೆ. ತೀರ್ಪನ್ನು ಜಾರಿ ಮಾಡಲು ಅಲ್ಲಿ ಪೊಲೀಸರಿಲ್ಲ. ಬಂದವರು ಒಪ್ಪಿದರೆ ಅದು ತೀರ್ಪು.

ಈಚೆಗೆ ಚಾಲ್ತಿಯಲ್ಲಿರುವುದು ಹಂಚಿಕೊಂಡ ನಾಯಕತ್ವದ ಮಾತು. ಈ ತಾಲ್ಲೂಕುಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ ಅದು ಬಹಳ ಹಳೆಯದು. ಗೌಡ, ಪೂಜಾರಿ, ಯಜಮಾನ ಎಂದು ಅಧಿಕಾರ ಹರಿದು ಹಂಚಿಹೋಗಿದೆ. ಕಟ್ಟೆಯ ಮೇಲೆ ಮಾತು ಶುರುವಾದರೆ ಹಿರಿಯ ಎಲ್ಲರದನ್ನೂ ಕೇಳಿ ಕೊನೆಗೆ ಬಾಯಿ ಬಿಡುತ್ತಾನೆ. ನೋಡಲು ಚೆಂದ. ಆದರೆ ಅದೇ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಊರಾಚೆ ಕೂರಿಸುವ ಪದ್ಧತಿ ಬೆಳೆದು ನಿಂತದ್ದೂ ಇದೇ ಒಮ್ಮತದ ನೆರಳಲ್ಲಿ. ಕಟ್ಟೆಯ ಮೇಲೆ ಯಾರಿಗೆ ಜಾಗವೇ ಇಲ್ಲ ಎಂದು ಈ ಸಿದ್ಧಾಂತ ಕೇಳುವುದಿಲ್ಲ.

ಆ ಜಾಗ ಕೊಡಿಸಿದ್ದು ಯಾವ ಸಿದ್ಧಾಂತವೂ ಅಲ್ಲ, ಮೀಸಲಾತಿ ಪಟ್ಟಿ. ಅಬ್ದುಲ್ ನಜೀರ್ ಸಾಬ್ ತಂದ ಪಂಚಾಯತ್ ವ್ಯವಸ್ಥೆಯ 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ಕಾಲುಭಾಗ, 2010ರಿಂದ ಅರ್ಧ. ಗ್ರಾಮ ಪಂಚಾಯಿತಿ ಅಧ್ಯಕ್ಷೆಗೆ ಸಿಗುವುದು 30 ತಿಂಗಳು. ಗುಣ, ಶೈಲಿ, ವರ್ಚಸ್ಸು ಯಾವುದನ್ನೂ ಕೇಳದೆ ಸರದಿಯ ಮೇಲೆ ನಾಯಕಿಯಾದವಳ ಬಗ್ಗೆ ಪಠ್ಯಪುಸ್ತಕದಲ್ಲಿ ಅಧ್ಯಾಯವಿಲ್ಲ. ಸಹಿ ಹಾಕುವ ಮುನ್ನ ಗಂಡನ ಮುಖ ನೋಡುವವರು ಇದ್ದಾರೆ, ನಿಜ. ಕಡತವನ್ನು ತಾನೇ ಓದಿ, ಬಿಲ್ಲಿಗೆ ಸಹಿ ಹಾಕದೆ ಪಿಡಿಒ ಮೇಜಿಗೆ ವಾಪಸು ಕಳಿಸುವವರೂ ಇದ್ದಾರೆ. ಒಬ್ಬಳು ಮೊದಲನೆಯ ಸಾಲಿನಿಂದ ಎರಡನೆಯದಕ್ಕೆ ಹೇಗೆ ದಾಟುತ್ತಾಳೆ, ಆ ದಾಟುವಿಕೆಯಲ್ಲಿ ಸ್ವಸಹಾಯ ಸಂಘದ ಗೆಳತಿಯರ ಪಾಲೆಷ್ಟು, ಪಂಚಾಯಿತಿ ಬೀರುವಿನ ಬೀಗದ ಕೈ ಯಾರ ಬಳಿ ಇರುತ್ತದೆ, 30 ತಿಂಗಳು ಮುಗಿದು ಸರದಿ ಬೇರೆಯವರಿಗೆ ಹೋದ ಮೇಲೆ ಆಕೆಯ ಮಾತನ್ನು ಊರಿನಲ್ಲಿ ಯಾರು ಕೇಳುತ್ತಾರೆ: ನಾಯಕತ್ವದ ಅಧ್ಯಯನ ಮುಂದೆ ಹೋಗಬೇಕಿದ್ದರೆ ಈ ಪ್ರಶ್ನೆಗಳನ್ನು ಹಿಡಿದು ಹಿರಿಯೂರು, ಹೊಳಲ್ಕೆರೆಯ ಪಂಚಾಯಿತಿ ಕಚೇರಿಗಳಿಗೆ ಬರಲಿ.