ಎರಿಮಣ್ಣಿನ ಊರಲ್ಲಿ ರೇಂಜರ್ ಸೈಕಲ್ಲಿನ ಮಡ್‌ಗಾರ್ಡ್

ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳಿಗೆ ಮಡ್‌ಗಾರ್ಡ್ ಮೊದಲೇ ಇರುತ್ತಿತ್ತು. ಈಗ ಹುಡುಗರು ಹಟ ಹಿಡಿಯುವುದು ದಪ್ಪ ಟೈರಿನ ರೇಂಜರ್‌ಗೆ. ಅಂಥ ಎಷ್ಟೋ ಸೈಕಲ್ಲುಗಳಿಗೆ ಮಡ್‌ಗಾರ್ಡೂ ಇಲ್ಲ, ಬಿಗಿಯಲು ಫೋರ್ಕಿನಲ್ಲಿ ತೂತೂ ಇಲ್ಲ. ಮುಂಗಾರು ಹಿಡಿದರೆ ಚಿಕ್ಕೋಡಿಯಿಂದ ಕಾಗವಾಡದವರೆಗೆ ಶಾಲೆ ಅಂಗಿಯ ಬೆನ್ನಿಗೆ ರಾಡಿಯ ಪಟ್ಟೆ. ಆಮೇಲೆ ಹೇಗೋ ಒಂದು ಮಡ್‌ಗಾರ್ಡ್ ಕೂರಿಸುವುದೇ ರೂಢಿಯಾಗಿದೆ. ಈ 'ಹೇಗೋ' ಎನ್ನುವುದಕ್ಕೆ ನನ್ನ ತಕರಾರು.

ಸೀಟಿನ ಪೈಪಿಗೆ ಸಿಕ್ಕಿಸುವ ಗಿಡ್ಡ ಪ್ಲಾಸ್ಟಿಕ್ ಮಡ್‌ಗಾರ್ಡ್ ಅಗ್ಗ. ಟೈರಿನಿಂದ ದೂರ ಇರುವುದರಿಂದ ಮಣ್ಣು ಕಟ್ಟುವುದಿಲ್ಲ. ಎರಿಭೂಮಿಯಲ್ಲಿ ಇದು ದೊಡ್ಡ ಗುಣ. ಆದರೆ ತಗ್ಗು ಸಿಕ್ಕಾಗಲೆಲ್ಲ ಪಕ್ಕಕ್ಕೆ ತಿರುಗುತ್ತದೆ. ಮುಂದಿನದು ಮುಖ ಕಾಯುತ್ತದೆ. ಕಾಲು, ಚೈನು ರಾಡಿಯಲ್ಲೇ.

ಹಳೆಯ ಲೇಡೀಸ್ ಸೈಕಲ್ಲಿನ ಉದ್ದನೆಯ ತಗಡು ಹಾಕುವುದು ಇನ್ನೊಂದು ದಾರಿ. ಅದೂ 26, ಇದೂ 26 ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ. 26×1⅜ ಟೈರಿನ ರಿಮ್ 590 ಮಿ.ಮೀ., ರೇಂಜರಿನ 26×1.95 ಟೈರಿನದು 559. ಟೈರಿನ ಅಗಲವೂ 35ರಿಂದ 50 ಮಿ.ಮೀ.ಗೆ ಏರುತ್ತದೆ. ಬಾಗು ಕೂರುವುದಿಲ್ಲ, ಅಂಚಿನಾಚೆ ಕೆಸರು ಹಾರುತ್ತದೆ. ಟೈರಿಗೆ ಒತ್ತಿ ಕೂರಿಸಿದರಂತೂ ಅಥಣಿ, ರಾಯಬಾಗದ ಹೊಲದ ದಾರಿಯಲ್ಲಿ ಮಣ್ಣು ಗಿಡಿದು ಚಕ್ರ ನಿಂತೇ ಹೋಗುತ್ತದೆ. ಕಡ್ಡಿಯಿಂದ ಕೆರೆಯದೆ ಮುಂದೆ ಹೋಗುವಂತಿಲ್ಲ.

ಬೈಂಡಿಂಗ್ ತಂತಿಯಲ್ಲಿ ಮುಂದಿನ ಮಡ್‌ಗಾರ್ಡ್ ಕಟ್ಟುವುದನ್ನು ಮಾತ್ರ ಖಂಡಿತ ಒಪ್ಪಲಾಗದು. ತಂತಿ ಸಡಿಲಾಗಿ ತಗಡು ಟೈರಿಗೆ ಸಿಕ್ಕರೆ ಮುಂದಿನ ಚಕ್ರ ಒಮ್ಮೆಲೇ ಹಿಡಿಯುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಬೀಳುತ್ತಾನೆ.

ಒಳ್ಳೆಯ ಕೆಲಸಕ್ಕೆ ಖರ್ಚು ಹೆಚ್ಚಿಲ್ಲ. ತೂತಿಲ್ಲದ ಕಡೆ ರಬ್ಬರ್ ಸುತ್ತಿದ ಲೋಹದ ಕ್ಲಿಪ್ಪು, ಅದಕ್ಕೆ ನಟ್ಟು ಬೋಲ್ಟು ಸಾಕು. ಹಿಂದೆ ಅಗಲವಾದ ಉದ್ದನೆಯ ಮಡ್‌ಗಾರ್ಡ್ ಇರಲಿ, ಟೈರಿಗೂ ಅದಕ್ಕೂ ಎರಡು ಬೆರಳಿನಷ್ಟು ಸಂದು ಇರಲಿ. ಮುಂದಿನದರ ತುದಿಗೆ ಹಳೆಯ ಟ್ಯೂಬಿನ ತುಂಡು ಇಳಿಬಿಟ್ಟರೆ ಕಾಲಿಗೂ ಚೈನಿಗೂ ರಕ್ಷಣೆ. ಶಾಕಪ್ ಇದ್ದರೆ ಪೂರ್ತಿ ಅದುಮಿ, ಟೈರು ಎಲ್ಲೂ ತಾಗದೆಂದು ನೋಡಬೇಕು.

ಡಾಂಬರು ರಸ್ತೆಯಲ್ಲೇ ಓಡಾಡುವವರಿಗೆ ಉದ್ದನೆಯದೇ ಸರಿ. ಹೊಲದ ದಾರಿ ತುಳಿಯುವವರಿಗೆ ಸಂದು ದೊಡ್ಡದಿರುವ ಗಿಡ್ಡದೇ ಮೇಲು. ಪಾಲಕರೇ, ಬಣ್ಣ ನೋಡಿ ಕೊಳ್ಳಬೇಡಿ. ಮಗುವಿನ ದಾರಿ ಯಾವುದೆಂದು ಅಂಗಡಿಯವರಿಗೆ ಮೊದಲು ಹೇಳಿ.