ಒಂದು ಹಗಲಿನ ಅಂಕೋರ್

ಕಾಂಬೋಡಿಯಾದ ಸಿಯೆಮ್ ರೀಪ್‌ನ ಹೋಟೆಲುಗಳ ಮುಂದೆ ಬೆಳಗಿನ ಜಾವ ನಾಲ್ಕೂವರೆಗೇ ವ್ಯಾನುಗಳು ಬಂದು ನಿಲ್ಲುತ್ತವೆ. ನಿದ್ದೆಗಣ್ಣಿನ ಹತ್ತು ಹನ್ನೆರಡು ಜನ, ಒಬ್ಬ ಗೈಡ್, ತಣ್ಣನೆಯ ನೀರಿನ ಬಾಟಲಿಗಳು. ಸೂರ್ಯೋದಯಕ್ಕೆ ಅಂಕೋರ್ ವಾಟ್, ಆಮೇಲೆ ಬಯೋನ್, ಊಟದ ಹಿಂದೆಯೋ ಮುಂದೆಯೋ ತಾ ಪ್ರೋಮ್, ಸಂಜೆ ಫ್ನೋಮ್ ಬಾಖೆಂಗ್ ಗುಡ್ಡದ ಮೇಲೆ ಸೂರ್ಯಾಸ್ತ. ಯಾವ ಕಂಪನಿಯ ಪಟ್ಟಿ ತೆರೆದರೂ ಹೆಚ್ಚುಕಡಿಮೆ ಇದೇ. ಒಂದು ದಿನದ ಟಿಕೆಟ್‌ಗೆ 37 ಡಾಲರ್ ಕೊಟ್ಟು ಒಳಗೆ ಬಂದಮೇಲೆ ಎಲ್ಲಿ, ಎಷ್ಟು ಹೊತ್ತು ನಿಲ್ಲಬೇಕೆಂಬುದು ಆಗಲೇ ತೀರ್ಮಾನವಾಗಿರುತ್ತದೆ. ಈ ದಿನಚರಿಯನ್ನು ಹೆಣೆದದ್ದು ಕ್ಯಾಮೆರಾ ಎಂಬುದು ನನ್ನ ಮೊದಲ ತಕರಾರು.

ಅಂಕೋರ್ ವಾಟ್‌ನ ಕೊಳದ ದಂಡೆಯಲ್ಲಿ ಒಂದು ಗಂಟೆ ನಿಂತೆವು. ಗೋಪುರಗಳ ನೆರಳು ನೀರಲ್ಲಿ ಮೂಡಿತು, ನೂರಾರು ಫೋನುಗಳು ಮೇಲೆದ್ದವು. ಚೆಂದವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಗುಡಿಯ ಕೈಸಾಲೆಗಳಿಗೆ ಉಳಿದದ್ದು ನಲವತ್ತೇ ನಿಮಿಷ. ಪಶ್ಚಿಮದ ಕೈಸಾಲೆಯ ಗೋಡೆಯುದ್ದಕ್ಕೂ ಒಂದು ಕಡೆ ಕುರುಕ್ಷೇತ್ರ, ಇನ್ನೊಂದು ಕಡೆ ಲಂಕೆಯ ಯುದ್ಧ. ದಕ್ಷಿಣಕ್ಕೆ ತಿರುಗಿದರೆ ಸೂರ್ಯವರ್ಮನ ಸೇನೆ, ಅದರಾಚೆ ಸ್ವರ್ಗ ನರಕಗಳು. ಪೂರ್ವದ ಸಮುದ್ರಮಥನ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಸುಮಾರು 49 ಮೀಟರ್ ಉದ್ದದ ಉಬ್ಬುಶಿಲ್ಪ ಅದು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಕಾಲದಲ್ಲೇ, 1113ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಸೂರ್ಯವರ್ಮ ಇಲ್ಲಿ ವಿಷ್ಣುವಿಗೆ ಈ ಗುಡಿ ಕಟ್ಟಿಸಲು ಹೊರಟಿದ್ದ. ಇಷ್ಟು ಓದಿಕೊಂಡಿದ್ದ ನಾನು ಲಂಕೆಯ ಗೋಡೆಯೆದುರು ಗೈಡ್‌ಗಿಂತ ಮೊದಲೇ ಬಾಯಿ ತೆರೆದೆ: ಹನುಮನ ಹೆಗಲ ಮೇಲೆ ರಾಮ, ಸಿಂಹಗಳ ರಥದಲ್ಲಿ ರಾವಣ. ‘ನಮ್ಮ ಕಥೆ’ ಎಂದೂ ಸೇರಿಸಿದೆ. ಭಾರತದಿಂದ ಹೋದವರಿಗೆ ಅಂಟಿಕೊಂಡಿರುವ ಚಾಳಿ. ಗೈಡ್ ಮುಗುಳ್ನಕ್ಕು ವಾಚು ನೋಡಿಕೊಂಡ.

ಅದಕ್ಕೆ ಉತ್ತರ ಸಿಕ್ಕಿದ್ದು ಮಧ್ಯಾಹ್ನದ ಊಟದಲ್ಲಿ. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನಿನ ಅಮೋಕ್, ಅನ್ನ, ತಲೆಯ ಮೇಲೆ ತಿರುಗುವ ಫ್ಯಾನು. ವ್ಯಾನಿನಲ್ಲಿ ನನ್ನ ಪಕ್ಕ ಕೂತಿದ್ದವರು ಜಾವಾದ ಜೋಗ್ಯಕರ್ತದ ನಿವೃತ್ತ ಮೇಷ್ಟರು, ಐದು ಹೊತ್ತು ನಮಾಜು ಮಾಡುವವರು. ಬೆಳಗಿನ ಆ ಹನುಮ ತಮ್ಮೂರಿನ ವಯಾಂಗ್ ತೊಗಲುಗೊಂಬೆಯಲ್ಲಿ ಬಿಳಿಯ ಕೋತಿ ಎಂದರು. ಚಿಕ್ಕಂದಿನಲ್ಲಿ ರಾತ್ರಿಯಿಡೀ ಪರದೆಯ ಮುಂದೆ ಕೂತಿದ್ದನ್ನು ನೆನೆದರು. ನಾನು ನಮ್ಮ ತೊಗಲುಗೊಂಬೆಯಾಟದ ಮಾತೆತ್ತಿದೆ. ಅಲ್ಲಿಯವರೆಗೆ ಚಾಲಕನ ಜೊತೆ ಬೇರೆ ಮೇಜಿನಲ್ಲಿ ಉಣ್ಣುತ್ತಿದ್ದ ಗೈಡ್ ತಟ್ಟೆ ಹಿಡಿದುಕೊಂಡು ಎದ್ದುಬಂದ. ಅವರಲ್ಲಿ ‘ಸ್ಬೆಕ್ ಥೊಮ್’ ಎಂಬ ಆಳೆತ್ತರದ ತೊಗಲುಗೊಂಬೆಗಳಿವೆಯಂತೆ, ಆಡುವುದು ‘ರೀಮ್‌ಕೇರ್’ ಎಂಬ ಖ್ಮೇರ್ ರಾಮಾಯಣ. ಅದರಲ್ಲಿ ಸೇತುವೆಯ ಕಲ್ಲುಗಳನ್ನು ಕದಿಯಲು ಬಂದ ರಾವಣನ ಮಗಳು, ಮತ್ಸ್ಯಕನ್ಯೆ ಸೊವನ್ ಮಚ್ಛಾಳನ್ನು ಹನುಮ ಒಲಿಸಿಕೊಳ್ಳುತ್ತಾನೆ.

‘ನಮ್ಮ ಹನುಮಂತ ಬ್ರಹ್ಮಚಾರಿ’ ಎಂದೆ.

‘ಇಲ್ಲಿ ಅಲ್ಲ’ ಎಂದ ಗೈಡ್. ಮೇಷ್ಟರು ನಗುತ್ತಾ ನೀರು ಕುಡಿದರು.

ಇಡೀ ದಿನದಲ್ಲಿ ಆ ಮನುಷ್ಯ ಬಾಯಿಪಾಠ ಬಿಟ್ಟು ಮಾತಾಡಿದ್ದು ಆ ಇಪ್ಪತ್ತು ನಿಮಿಷ ಮಾತ್ರ. ಅವನಿಗೆ ಅಷ್ಟೆಲ್ಲ ಗೊತ್ತಿದೆ, ಅದನ್ನು ಹೇಳಲು ಸಮಯಪಟ್ಟಿಯಲ್ಲಿ ಜಾಗವಿಲ್ಲ.

ತಾ ಪ್ರೋಮ್‌ನಲ್ಲಿ ಇದು ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಏಳನೆಯ ಜಯವರ್ಮ ತಾಯಿಯ ನೆನಪಿಗೆ ಕಟ್ಟಿಸಿದ ಈ ಗುಡಿಯ 1186ರ ಸಂಸ್ಕೃತ ಶಾಸನದಲ್ಲಿ ಒಳಗೆ ವಾಸಿಸುತ್ತಿದ್ದ 12,640 ಜನರ ಲೆಕ್ಕವಿದೆ. ಅವರಲ್ಲಿ 615 ನರ್ತಕಿಯರು. ನಮಗೆ ಹೇಳಿದ್ದು 2001ರ ‘ಟೂಂಬ್ ರೇಡರ್’ ಸಿನಿಮಾದ ಹೆಸರು. ಬೇರು ಗೋಡೆಯನ್ನು ಅಪ್ಪಿಕೊಂಡಿರುವ ಮರದ ಮುಂದೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತೆವು. ಇಲ್ಲಿನ ಜೀರ್ಣೋದ್ಧಾರದಲ್ಲಿ ಭಾರತದ ಪುರಾತತ್ತ್ವ ಇಲಾಖೆ ಕೈಜೋಡಿಸಿದೆ; ಆ ಫಲಕವನ್ನೂ ಓಡುತ್ತಲೇ ಓದಿದ್ದು. ಬಯೋನ್ ಸ್ವಲ್ಪ ವಾಸಿ. ಮುಖಗಳ ಗೋಪುರಗಳಿಗೆ ಜನ ಮುಗಿಬಿದ್ದರೂ ಹೊರಗೋಡೆಯ ಕೆಳಗೆ ನೂಕುನುಗ್ಗಲಿರಲಿಲ್ಲ: ಕೋಳಿ ಅಂಕ, ಸಂತೆಯಲ್ಲಿ ವ್ಯಾಪಾರಕ್ಕೆ ಕೂತ ಹೆಂಗಸರು, ಒಲೆಯ ಮುಂದೆ ಬಗ್ಗಿದವನು. ರಾಜನ ಗುಡಿಯ ಗೋಡೆಯಲ್ಲಿ ಇಷ್ಟೊಂದು ಅಡುಗೆಮನೆ ಕಂಡದ್ದು ನನಗೆ ಇದೇ ಮೊದಲು.

ಹಾಗೆಂದು ಗೈಡ್ ಇಲ್ಲದೆ ಹೋಗಿ ಎನ್ನಲಾರೆ. ಒಬ್ಬನೇ ಹೋಗಿದ್ದರೆ ಸೊವನ್ ಮಚ್ಛಾ ನನಗೆ ಸಿಗುತ್ತಿರಲಿಲ್ಲ. ‘ನಮ್ಮ ಕಥೆ’ ಎಂದುಕೊಂಡೇ ವಿಮಾನ ಹತ್ತುತ್ತಿದ್ದೆ. ಅಪರಿಚಿತರ ಗುಂಪಿನಲ್ಲಿ ತಿರುಗುವ ಕಿರಿಕಿರಿಗಿಂತ ಅದರ ಲಾಭ ದೊಡ್ಡದು. ಪಟ್ಟಿಯಿಂದ ಒಂದು ಗುಡಿಯನ್ನು ಕೈಬಿಟ್ಟು ಆ ಹೊತ್ತನ್ನು ಮಾತಿಗೆ ಕೊಟ್ಟರೆ ಸಾಕಿತ್ತು.

ಬಾಖೆಂಗ್ ಗುಡ್ಡದ ತುದಿಗೆ ಒಮ್ಮೆಗೆ ಮುನ್ನೂರೇ ಜನರನ್ನು ಬಿಡುವುದು. ಬುಡದಲ್ಲಿ ಸಾಲು ಬೆಳೆಯುತ್ತಿತ್ತು. ಮೇಷ್ಟರೂ ನಾನೂ ಗೈಡ್‌ಗೆ ಹೇಳಿ, ಟುಕ್‌ಟುಕ್ ಹಿಡಿದು ಅಂಕೋರ್ ವಾಟ್‌ನ ಪೂರ್ವದ ಕೈಸಾಲೆಗೆ ಮರಳಿದೆವು. ಅಲ್ಲಿ ನೆರಳಿತ್ತು, ಬಾವಲಿಗಳ ವಾಸನೆಯಿತ್ತು. ವಾಸುಕಿಯನ್ನು ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು ಎಳೆಯುತ್ತಾರೆಂದು ಓದಿದ್ದೆ. ಎಣಿಸಿಯೇಬಿಡೋಣ ಎಂದರು ಮೇಷ್ಟರು, ಅಸುರರಿಂದ ಶುರುಮಾಡಿ. ನಡುವಿನ ವಿಷ್ಣುವನ್ನು ತಲುಪುವಷ್ಟರಲ್ಲಿ ಕಾವಲುಗಾರ ಬಂದು ಬಾಗಿಲು ಮುಚ್ಚುವ ಹೊತ್ತಾಯಿತೆಂದು ಸನ್ನೆ ಮಾಡಿದ. ದೇವತೆಗಳು ಎಣಿಸದೆ ಉಳಿದರು.